ಬಣ್ಣದ ಪ್ರತಿ ಬಂದ ಮೇಲೆ ಕಪ್ಪು-ಬಿಳುಪಿನ ರೀಲು ಗುಜರಿಗೆ ಹಾಕಬಹುದೆ?

ಪ್ರಶ್ನೆ: ನಮ್ಮ ಅಪ್ಪಾರು ಬೀಳಗಿ, ಮುಧೋಳ, ಜಮಖಂಡಿ ಕಡೆ ಟೂರಿಂಗ್ ಟಾಕೀಸು ನಡಸತಿದ್ರು. ಮುಳುಗಡಿಯೊಳಗ ಹಳೇ ಬಾಗಲಕೋಟಿ ಮನಿ ಹೋದಾಗ ನವನಗರಕ್ಕ ತಂದ ಸಾಮಾನಿನಾಗ 17 ಡಬ್ಬಿ ರೀಲು ಅದಾವ. 14 ಡಬ್ಬಿ ಒಂದ ಕನ್ನಡ ಪಿಕ್ಚರಿಂದು, 1960ರ ದಶಕದ್ದು. ಉಳಿದ ಮೂರು ಬ್ಯಾರೆ ಬ್ಯಾರೆವು. ಎಲ್ಲಾ ಕಪ್ಪು-ಬಿಳುಪು. ಮುಚ್ಚಳ ತಗದರ ಹುಳಿ ವಾಸನಿ ಮೂಗಿಗೆ ಬಡೀತದ. ಅದ ಪಿಕ್ಚರ್ ಟಿವಿಯೊಳಗ ಬಂದಾಗ ನಾವು ಸಣ್ಣವರಿದ್ದಾಗ ಕೇಳಿದ ಒಂದು ಹಾಡು ಇರಲೇ ಇಲ್ಲ. ನಮ್ಮ ಮಗ, "ಈಗ ಹಳೇ ಪಿಕ್ಚರಿಗೆಲ್ಲ ಬಣ್ಣ ಹಾಕಿ, ಸೌಂಡು ಹೊಸದು ಮಾಡಿ ಬಿಡಾಕತ್ತಾರ, ಈ ಡಬ್ಬಿ ಗುಜರಿಗೆ ಹಾಕ್ರಿ" ಅಂತಾನ. ಹಾಕಬಹುದೇನ್ರಿ? ಪಿಕ್ಚರ್ ತಗದವರ ತಮ್ಮ ಪಿಕ್ಚರ್ ತಿದ್ದಿದರ ಅದು ತಪ್ಪಾ?

ಉತ್ತರ: ಹಾಕಬೇಡಿ. ಹುಳಿ ವಾಸನೆ ಬಂದಿದ್ದರೂ ಹಾಕಬೇಡಿ. ನಿಮ್ಮ 14 ಡಬ್ಬಿಯಲ್ಲಿ ಆ ಹಾಡು ಇದೆಯೋ ಇಲ್ಲವೋ ಎಂಬುದನ್ನು ರೀಲು ಓಡಿಸದೆಯೇ ಅಂದಾಜು ಮಾಡಲು ಬರುತ್ತದೆ. ಅದಕ್ಕೆ ಮೊದಲು ನಿಮ್ಮ ಕೊನೆಯ ಪ್ರಶ್ನೆ. ಡಬ್ಬಿಗಳಿಗೆ ಬೆಲೆ ಬರುವುದೇ ಅದರ ಉತ್ತರದಿಂದ.

ತಾನು ಮಾಡಿದ ಚಿತ್ರವನ್ನು ನಿರ್ದೇಶಕ ಮತ್ತೆ ತಿದ್ದಿದರೆ ತಪ್ಪಿಲ್ಲ. ಕವಿ ತನ್ನ ಪದ್ಯವನ್ನು ಎರಡನೆಯ ಮುದ್ರಣದಲ್ಲಿ ತಿದ್ದುತ್ತಾನೆ. ಮೊದಲ ಮುದ್ರಣದ ಪುಸ್ತಕ ಯಾವುದೋ ಗ್ರಂಥಾಲಯದಲ್ಲಿ, ಯಾರದೋ ಮನೆಯ ಗೂಡಿನಲ್ಲಿ ಇದ್ದೇ ಇರುತ್ತದೆ. ಸಿನಿಮಾದಲ್ಲಿ ಹಾಗಲ್ಲ. ಕ್ಯಾಮೆರಾದೊಳಗೆ ಓಡಿದ ನೆಗೆಟಿವ್ ಜಗತ್ತಿಗೆಲ್ಲ ಒಂದೇ. ಸಂಕಲನ ಮುಗಿದ ಮೇಲೆ ಅದನ್ನು ಕತ್ತರಿಸಿ, ಜೋಡಿಸಿ, ಅದರಿಂದಲೇ ಪ್ರಿಂಟು ತೆಗೆಯುತ್ತಾರೆ. ತಿದ್ದುವವರು ಆ ನೆಗೆಟಿವನ್ನೇ ಬಿಚ್ಚಿ ಹೊಸ ತುಣುಕು ಸೇರಿಸಿದರೆ, ಮೊದಲಿನ ಚಿತ್ರ ಹಳೆಯ ಪ್ರಿಂಟುಗಳಲ್ಲಿ ಮಾತ್ರ ಉಳಿಯುತ್ತದೆ.

ಇದಕ್ಕೆ ಜಗತ್ತೇ ಬಲ್ಲ ಉದಾಹರಣೆ 'ಸ್ಟಾರ್ ವಾರ್ಸ್'. 1977ರಲ್ಲಿ ಬಿಡುಗಡೆಯಾದ ಚಿತ್ರವನ್ನು ಜಾರ್ಜ್ ಲ್ಯೂಕಾಸ್ 1997ರಲ್ಲಿ ಹೊಸ ಗ್ರಾಫಿಕ್ಸ್, ಹೊಸ ದೃಶ್ಯ ಸೇರಿಸಿ ಮತ್ತೆ ತಂದರು. ಹೊಸ ತುಣುಕುಗಳನ್ನು ಮೂಲ ನೆಗೆಟಿವ್‌ನಲ್ಲೇ ಜೋಡಿಸಿದರು. 2004ರಲ್ಲಿ ಡಿವಿಡಿಗೆಂದು ಮತ್ತೆ ತಿದ್ದಿದರು, 2011ರಲ್ಲಿ ಬ್ಲೂ-ರೇಗೆಂದು ಮತ್ತೊಮ್ಮೆ. ಮೊದಲಿನ ಆವೃತ್ತಿ ಬೇಕೆಂದು ನೋಡುಗರು ಕೇಳಿಕೊಂಡಾಗ 2006ರಲ್ಲಿ ಡಿವಿಡಿಯ ಜೊತೆಗೆ ಕೊಟ್ಟದ್ದು ಹಿಂದೆ ಲೇಸರ್ ಡಿಸ್ಕಿಗೆಂದು ಮಾಡಿಟ್ಟಿದ್ದ ಹಳೆಯ ವಿಡಿಯೊ ಪ್ರತಿ. 2025ರ ಜೂನ್‌ನಲ್ಲಿ ಲಂಡನ್ನಿನ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ತಾನು ಕಾಪಿಟ್ಟಿದ್ದ 1977ರ ಕಾಲದ ಪ್ರಿಂಟೊಂದನ್ನು ಪರದೆಗೆ ಹಾಕಿದಾಗ ಅದು ಸುದ್ದಿಯಾಯಿತು. ಅಷ್ಟು ಹಣವಿದ್ದ ಚಿತ್ರದ ಮೊದಲ ರೂಪವನ್ನು ತೋರಿಸಲು ಒಂದು ಹಳೆಯ ಪ್ರಿಂಟು ಬೇಕಾಯಿತು. ಇದೇ ಲ್ಯೂಕಾಸ್ 1988ರಲ್ಲಿ ಅಮೆರಿಕದ ಸಂಸತ್ತಿನ ಮುಂದೆ ನಿಂತು, ಹಳೆಯ ಚಿತ್ರಗಳಿಗೆ ಬಣ್ಣ ಬಳಿಯುವುದರ ವಿರುದ್ಧ ಸಾಕ್ಷ್ಯ ನುಡಿದಿದ್ದರು. ನಮಗೆ ಹತ್ತಿರದ ಇನ್ನೊಂದು ಸಂಗತಿಯೂ ಇದೆ. ಗಿರೀಶ್ ಕಾಸರವಳ್ಳಿಯವರ 1977ರ 'ಘಟಶ್ರಾದ್ಧ' ಪುನರುಜ್ಜೀವನಗೊಂಡು 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಕಾಣಿಸಿತು. ಆ ಕೆಲಸಕ್ಕೆ ಹಣ ಕೊಟ್ಟದ್ದು ಲ್ಯೂಕಾಸ್ ದಂಪತಿಯ ಪ್ರತಿಷ್ಠಾನ. ಪುಣೆಯ ಸಂಗ್ರಹಾಲಯದಲ್ಲಿ ನೆಗೆಟಿವ್ ಉಳಿದಿದ್ದರಿಂದ ಅದು ಸಾಧ್ಯವಾಯಿತು.

ತಿದ್ದುವುದಕ್ಕೂ ಒಂದು ರೀತಿ ಇದೆ. 'ಬ್ಲೇಡ್ ರನ್ನರ್' ಚಿತ್ರದ ನಿರ್ದೇಶಕರು 2007ರಲ್ಲಿ ತಮ್ಮ ಅಂತಿಮ ಆವೃತ್ತಿ ತಂದಾಗ, ಅದುವರೆಗಿನದನ್ನೂ ಸೇರಿಸಿ ಐದು ಆವೃತ್ತಿಗಳನ್ನು ಒಂದೇ ಪೆಟ್ಟಿಗೆಯಲ್ಲಿ ಕೊಟ್ಟರು. ಸ್ಪೀಲ್‌ಬರ್ಗ್ 'ಇ.ಟಿ.' ಚಿತ್ರದ 2002ರ ಮರುಬಿಡುಗಡೆಯಲ್ಲಿ ಪೊಲೀಸರ ಕೈಯ ಬಂದೂಕು ಅಳಿಸಿ ವಾಕಿಟಾಕಿ ಇಟ್ಟಿದ್ದರು. ಹಾಗೆ ಮಾಡಬಾರದಿತ್ತು ಎಂದು ಆಮೇಲೆ ಅವರೇ ಹೇಳಿದರು. 2012ರಲ್ಲಿ ಬಂದ ಬ್ಲೂ-ರೇಯಲ್ಲಿ ಬಂದೂಕು ಮರಳಿ ಬಂತು. ಮೂಲವನ್ನು ಮುಟ್ಟದೆ ಇಟ್ಟಿದ್ದರು, ಆದ್ದರಿಂದ ಮನಸ್ಸು ಬದಲಾದಾಗ ಹಿಂದಕ್ಕೆ ಹೋಗಲು ದಾರಿ ಇತ್ತು.

ನಮ್ಮಲ್ಲಿ ತೊಡಕು ಬೇರೆ. ಕೃತಿಸ್ವಾಮ್ಯ ಕಾಯ್ದೆ 1957ರ ಪ್ರಕಾರ ಸಿನಿಮಾದ ಕರ್ತೃ ನಿರ್ಮಾಪಕ, ನಿರ್ದೇಶಕನಲ್ಲ. ಆದ್ದರಿಂದ 'ಚಿತ್ರ ಮಾಡಿದವರೇ ತಿದ್ದಿದರು' ಎಂದು ನೀವು ಅಂದುಕೊಳ್ಳುವ ಎಷ್ಟೋ ಕಡೆ ತಿದ್ದಿದವರು ಹಕ್ಕು ಇಟ್ಟುಕೊಂಡವರು. 2025ರ ಆಗಸ್ಟಿನಲ್ಲಿ ಹಿಂದಿ ಚಿತ್ರ 'ರಾಂಝಣಾ'ದ ತಮಿಳು ರೂಪವನ್ನು ಕೃತಕ ಬುದ್ಧಿಮತ್ತೆಯಿಂದ ಕೊನೆ ಬದಲಿಸಿ ಮರುಬಿಡುಗಡೆ ಮಾಡಿದಾಗ ನಿರ್ದೇಶಕ ಆನಂದ್ ಎಲ್. ರಾಯ್ ಬಹಿರಂಗವಾಗಿ ವಿರೋಧಿಸಿದರು, ಆದರೂ ಬಿಡುಗಡೆ ನಿಲ್ಲಲಿಲ್ಲ. 'ಶೋಲೆ'ಯದು ಇದಕ್ಕೆ ತಿರುವುಮುರುವು. ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಆ ಚಿತ್ರದ ನಿಜವಾದ ಕೊನೆಯನ್ನು 1975ರಲ್ಲಿ ಸೆನ್ಸಾರ್ ಬದಲಿಸಿತ್ತು. ಐವತ್ತು ವರ್ಷಗಳ ಬಳಿಕ, 2025ರ ಜೂನ್‌ನಲ್ಲಿ, ಇಟಲಿಯ ಬೊಲೊನ್ಯಾದಲ್ಲಿ ಮೂಲ ಕೊನೆಯೊಂದಿಗೆ ಅದು ಪರದೆಗೆ ಬಂತು. ಕ್ಯಾಮೆರಾ ನೆಗೆಟಿವ್ ಕೆಟ್ಟುಹೋಗಿತ್ತು. ನೆಗೆಟಿವ್‌ನಿಂದ ಎತ್ತಿಟ್ಟ ನಡುವಿನ ಪ್ರತಿಗಳು ಉಳಿದಿದ್ದವು, ಅವುಗಳಿಂದ ಕೆಲಸ ಸಾಗಿತು. ಹಾಗಾಗಿ 'ಮೂಲ' ಎಂದರೆ ಯಾವುದು ಎಂದು ಪ್ರತಿ ಚಿತ್ರಕ್ಕೂ ಬೇರೆಯಾಗಿಯೇ ಕೇಳಬೇಕು: ನಿರ್ದೇಶಕ ಮುಗಿಸಿದ್ದೋ, ಸೆನ್ಸಾರ್ ದಾಟಿದ್ದೋ, ಊರಿನ ಟೆಂಟಿನಲ್ಲಿ ಜನ ನೋಡಿದ್ದೋ? ಮೂರೂ ಇತಿಹಾಸವೇ. ನಿಮ್ಮ ಹತ್ತಿರ ಇರುವುದು ಮೂರನೆಯದು.

ಇನ್ನು ಬಣ್ಣ. ಕನ್ನಡದಲ್ಲಿ 1965ರ 'ಸತ್ಯ ಹರಿಶ್ಚಂದ್ರ' 2008ರಲ್ಲಿ, 1971ರ 'ಕಸ್ತೂರಿ ನಿವಾಸ' 2014ರಲ್ಲಿ ಬಣ್ಣದಲ್ಲಿ ಬಂದವು. ಹೊಸ ತಲೆಮಾರು ಚಿತ್ರಮಂದಿರಕ್ಕೆ ಬಂದು ರಾಜಕುಮಾರ್ ಅವರನ್ನು ನೋಡಿತು, ಅದು ಸಣ್ಣ ಲಾಭವಲ್ಲ. ಆದರೂ ಬಣ್ಣದ ಪ್ರತಿ ಕಪ್ಪು-ಬಿಳುಪಿನದರ ಜಾಗ ತುಂಬಲಾರದು. ಕಪ್ಪು-ಬಿಳುಪು ಫಿಲ್ಮು ದಾಖಲಿಸುವುದು ಬೆಳಕಿನ ಪ್ರಮಾಣವನ್ನು ಮಾತ್ರ. ಕೆಂಪು ಸೀರೆ, ಹಸಿರು ಸೀರೆ ಎರಡೂ ಒಂದೇ ಬೂದು ಛಾಯೆಯಲ್ಲಿ ಬೀಳಬಹುದು. ಯಾವ ಬಣ್ಣವಿತ್ತು ಎಂಬುದು ಆ ಪಟ್ಟಿಯಲ್ಲಿ ಎಲ್ಲಿಯೂ ಬರೆದಿಲ್ಲ, ಇಂದು ಹಾಕುವುದೆಲ್ಲ ಊಹೆ. ಛಾಯಾಗ್ರಾಹಕ ಮುಖದ ಒಂದು ಬದಿಯನ್ನು ಕತ್ತಲಿಗೆ ಬಿಟ್ಟು ಇನ್ನೊಂದು ಬದಿಯನ್ನು ಎತ್ತಿದ್ದು ಬೂದಿನ ಲೆಕ್ಕದಲ್ಲಿ; ಅದರ ಮೇಲೆ ಚರ್ಮದ ಬಣ್ಣ ಹರಡಿದಾಗ ಆ ಲೆಕ್ಕ ಮಾಸುತ್ತದೆ. 2004ರಲ್ಲಿ ಪೂರ್ತಿ ಬಣ್ಣವಾದ 'ಮೊಘಲ್-ಎ-ಆಜಂ' ಮಾತು ಸ್ವಲ್ಪ ಬೇರೆ, 1960ರಲ್ಲೇ ಅದರ ಕೆಲವು ಭಾಗಗಳು ಬಣ್ಣದಲ್ಲಿದ್ದವು.

ಬಣ್ಣಕ್ಕಿಂತ ಹೆಚ್ಚು ಹಾನಿ ಮಾಡುವ, ಆದರೆ ಯಾರೂ ಗಮನಿಸದ ತಿದ್ದುಪಡಿ ಚೌಕಟ್ಟಿನದು. ಹಳೆಯ ಪರದೆಯ ಅಗಲ-ಎತ್ತರದ ಅನುಪಾತ 1.37ಕ್ಕೆ 1. ಅದನ್ನು ಇಂದಿನ 1.85ರ ಪರದೆ ತುಂಬುವಂತೆ ಮಾಡಿದರೆ ಮೇಲೆ-ಕೆಳಗೆ ಸೇರಿ ಚಿತ್ರದ 26 ಪ್ರತಿಶತ ಹೋಗುತ್ತದೆ. ಸಿನಿಮಾಸ್ಕೋಪಿನ 2.35ಕ್ಕೆ ಹಿಗ್ಗಿಸಿದರೆ ಸುಮಾರು 42 ಪ್ರತಿಶತ. ನೃತ್ಯದಲ್ಲಿ ಕಾಲು ಹೋಯಿತು, ಕಿರೀಟ ಹೋಯಿತು. ಧ್ವನಿಯದೂ ಅದೇ ಕಥೆ: ಒಂದೇ ಹಾದಿಯ ಮೋನೊ ಧ್ವನಿಯನ್ನು ಐದಾರು ಸ್ಪೀಕರಿಗೆ ಹಂಚಲು ಹೊಸ ಹೆಜ್ಜೆ ಸಪ್ಪಳ, ಹೊಸ ಗುಡುಗು, ಕೆಲವೊಮ್ಮೆ ಹೊಸ ವಾದ್ಯವನ್ನೇ ಸೇರಿಸುತ್ತಾರೆ. ಇವೆಲ್ಲ ಪ್ರತ್ಯೇಕ ಪ್ರತಿಯಾಗಿ ಇರಲಿ. ಪಕ್ಕದಲ್ಲಿ ಮೂಲ ಚೌಕಟ್ಟು, ಮೂಲ ಮೋನೊ ಸಿಗುವಂತಿರಬೇಕು, ಅಷ್ಟೇ ಬೇಡಿಕೆ.

ಈಗ ನಿಮ್ಮ ಡಬ್ಬಿಗಳಿಗೆ ಬರೋಣ.

ಮುಂಜಾನೆ ತಂಪಿನಲ್ಲಿ, ಗಾಳಿಯಾಡುವ ಪಡಸಾಲೆಯಲ್ಲಿ ಒಂದೊಂದೇ ಡಬ್ಬಿ ತೆಗೆಯಿರಿ. ದೇವರ ದೀಪ, ಊದುಬತ್ತಿ, ಬೀಡಿ ಯಾವುದೂ ಹತ್ತಿರ ಬೇಡ. 1950ರ ದಶಕದ ಆರಂಭಕ್ಕಿಂತ ಹಿಂದಿನ ರೀಲು ನೈಟ್ರೇಟ್ ಎಂಬ, ಬೇಗ ಹೊತ್ತಿಕೊಳ್ಳುವ ಪಟ್ಟಿಯದಾಗಿರಬಹುದು. ಅದು ಒಮ್ಮೆ ಹೊತ್ತಿಕೊಂಡರೆ ನೀರು ಸುರಿದರೂ ಆರುವುದಿಲ್ಲ. ನಿಮ್ಮ 14 ಡಬ್ಬಿಯದು 60ರ ದಶಕದ ಚಿತ್ರ, ಆದ್ದರಿಂದ ಅದು ಅಸಿಟೇಟ್ ಫಿಲ್ಮು, ಹಾಗೆ ಸುಲಭವಾಗಿ ಹೊತ್ತುವುದಲ್ಲ. ಸಂಶಯ ಪಡಬೇಕಾದದ್ದು ಆ ಮೂರು ಬಿಡಿ ಡಬ್ಬಿ. ಫಿಲ್ಮಿನ ಅಂಚಿನಲ್ಲಿ, ಹಲ್ಲುತೂತುಗಳ ಹೊರಗೆ, 'ಸೇಫ್ಟಿ' ಎಂಬ ಇಂಗ್ಲಿಷ್ ಅಕ್ಷರ ಹುಡುಕಿ, ಇದ್ದರೆ ಅದು ನೈಟ್ರೇಟ್ ಅಲ್ಲ. ಇಲ್ಲೊಂದು ಮೋಸವಿದೆ: ನೆಗೆಟಿವ್‌ನ ಅಂಚಿನ ಅಕ್ಷರವೂ ಪ್ರಿಂಟಿನ ಮೇಲೆ ಮೂಡಿ ಬಂದಿರಬಹುದು. ಕಪ್ಪು ಅಂಚಿನ ಮೇಲೆ ಬಿಳಿಯಾಗಿ ಕಾಣುವ ಅಕ್ಷರ ನೆಗೆಟಿವ್‌ನದು. ತಿಳಿ ಅಂಚಿನ ಮೇಲೆ ಕಪ್ಪಾಗಿ ಕಾಣುವುದು ನಿಮ್ಮ ಕೈಯಲ್ಲಿರುವ ಪ್ರಿಂಟಿನದು. ನಂಬಬೇಕಾದದ್ದು ಕಪ್ಪು ಅಕ್ಷರವನ್ನು. ಅಲ್ಲೇ ಕೊಡಕ್, ಓರ್ವೋ ಅಥವಾ ಉದಕಮಂಡಲದ ಕಾರ್ಖಾನೆಯ 'ಇಂದು' ಎಂಬ ಹೆಸರೂ ಇರಬಹುದು, ಬರೆದುಕೊಳ್ಳಿ. ತುಂಡು ಕತ್ತರಿಸಿ ಕಡ್ಡಿ ಗೀರಿ ನೋಡುವ ಹಳೆಯ ಆಪರೇಟರುಗಳ ಪರೀಕ್ಷೆ ಮಾತ್ರ ಮಾಡಲೇಬೇಡಿ. ಫಿಲ್ಮು ಕಂದು ಪುಡಿಯಾಗಿದ್ದರೆ, ಜೇನಿನಂತೆ ಅಂಟು ಒಸರಿದ್ದರೆ ಆ ಡಬ್ಬಿಯನ್ನು ಹಾಗೆಯೇ ಮುಚ್ಚಿ, ಮನೆಯಿಂದ ಹೊರಗೆ ನೆರಳಿನಲ್ಲಿಟ್ಟು ಸಂಗ್ರಹಾಲಯದವರನ್ನು ಕೇಳಿ.

ಹುಳಿ ವಾಸನೆಯ ಕಾರಣ ಇದು. ಅಸಿಟೇಟ್ ಪಟ್ಟಿ ಬಿಸಿಗೂ ತೇವಕ್ಕೂ ನಿಧಾನವಾಗಿ ಒಡೆದು ಅಸಿಟಿಕ್ ಆಮ್ಲ ಬಿಡುತ್ತದೆ, ಅಂದರೆ ವಿನಿಗರ್. ಆ ಆಮ್ಲ ಡಬ್ಬಿಯಲ್ಲೇ ಉಳಿದರೆ ಮತ್ತಷ್ಟು ಒಡೆಯಲು ತಾನೇ ಕಾರಣವಾಗುತ್ತದೆ. ಒಂದು ಮಟ್ಟ ದಾಟಿದ ಮೇಲೆ ಕೆಡುವ ವೇಗ ಒಮ್ಮೆಲೇ ಏರುತ್ತದೆ. ಹೊಸ ಅಸಿಟೇಟ್ ಫಿಲ್ಮು 21 ಡಿಗ್ರಿ ಉಷ್ಣತೆ, 50 ಪ್ರತಿಶತ ತೇವಾಂಶದಲ್ಲಿ ಈ ಹಂತಕ್ಕೆ ಬರಲು ಸುಮಾರು 40 ವರ್ಷ ಬೇಕು ಎಂಬುದು ಸಂಗ್ರಹಾಲಯಗಳು ಬಳಸುವ ಲೆಕ್ಕ. ಬಾಗಲಕೋಟೆ, ವಿಜಯಪುರದ ಬೇಸಿಗೆ 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗಿನ ಅಟ್ಟದ ಬಿಸಿ ಅದಕ್ಕೂ ಹೆಚ್ಚು. ನಿಮ್ಮ ರೀಲು ಇಷ್ಟು ದಿನ ಬಾಳಿದ್ದು ನಮ್ಮ ಕಡೆಯ ಒಣ ಹವೆಯಿಂದ. ಬೆಳಗಾವಿ, ಖಾನಾಪುರದ ಕಡೆ ಕಥೆ ತಿರುವುಮುರುವು: ಬಿಸಿ ಕಡಿಮೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ರೀಲಿಗೆ ಬೂಷ್ಟು ಹಿಡಿಯುತ್ತದೆ. ಪಟ್ಟಿಯ ಮೇಲೆ ಚಿತ್ರವನ್ನು ಹಿಡಿದಿಡುವ ಜಿಲೆಟಿನ್ ಪದರ ಅಂದರೆ ಬೂಷ್ಟಿಗೆ ಊಟ.

ವಾಸನೆಯ ಪ್ರಮಾಣ ಅಳೆಯಲು ಎ-ಡಿ ಸ್ಟ್ರಿಪ್ ಎಂಬ ಬಣ್ಣದ ಕಾಗದ ಬರುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ನೀಲಿ ಕಾಗದ ಆಮ್ಲಕ್ಕೆ ತಕ್ಕಂತೆ ಹಸಿರಾಗಿ, ಕೊನೆಗೆ ಹಳದಿಯಾಗುತ್ತದೆ. ಅಳತೆ 0ಯಿಂದ 3, 1.5 ತಲುಪಿದ್ದರೆ ಇನ್ನು ತಡಮಾಡುವಂತಿಲ್ಲ. ಕಾಗದ ಸಿಗದಿದ್ದರೆ ಸ್ಕೇಲು ಸಾಕು. ಪ್ರಿಂಟಿನ ಒಂದು ಹಲ್ಲುತೂತಿನ ಮೇಲಂಚಿನಿಂದ ನೂರನೆಯ ಮುಂದಿನ ತೂತಿನ ಮೇಲಂಚಿಗೆ, ಅಂದರೆ ನೂರು ಅಂತರಕ್ಕೆ, ಹೊಸ ಫಿಲ್ಮಿನಲ್ಲಿ 475 ಮಿಲಿಮೀಟರ್ ಇರುತ್ತದೆ. ರೀಲನ್ನು ಮೇಜಿನ ಮೇಲೆ ಸಡಿಲವಾಗಿ ಹಾಸಿ ಉಕ್ಕಿನ ಸ್ಕೇಲಿನಿಂದ ಅಳೆಯಿರಿ. 471 ಬಂದರೆ 0.8 ಪ್ರತಿಶತ ಕುಗ್ಗಿದೆ ಎಂದರ್ಥ, ಪ್ರೊಜೆಕ್ಟರಿಗೆ ಕೊಟ್ಟರೆ ಹಲ್ಲುಚಕ್ರ ತೂತುಗಳನ್ನು ಹರಿದು ಹಾಕಬಹುದು. ಹೇಗಿದ್ದರೂ ಪ್ರೊಜೆಕ್ಟರಿಗೆ ಏರಿಸಬೇಡಿ. 'ಒಂದ ಸಲ ಓಡಿಸಿ ನೋಡೂಣು' ಅನ್ನುವ ಆಸೆಯಿಂದ ಹಾಳಾದ ರೀಲುಗಳಿಗೆ ಲೆಕ್ಕವಿಲ್ಲ.

ಹಾಡಿನ ವಿಷಯ. ಸುತ್ತಿದ ರೀಲಿನ ಹೊರವ್ಯಾಸವನ್ನೂ ಫಿಲ್ಮು ಸುತ್ತಿಕೊಂಡಿರುವ ನಡುಗಾಲಿಯ ವ್ಯಾಸವನ್ನೂ ಮಿಲಿಮೀಟರಿನಲ್ಲಿ ಅಳೆಯಿರಿ. ಎರಡರ ವರ್ಗ ತೆಗೆದು ದೊಡ್ಡದರಿಂದ ಸಣ್ಣದನ್ನು ಕಳೆಯಿರಿ. ಬಂದ ಸಂಖ್ಯೆಯನ್ನು 0.785ರಿಂದ ಗುಣಿಸಿ, ಫಿಲ್ಮಿನ ದಪ್ಪ 0.155ರಿಂದ ಭಾಗಿಸಿ. ಉದ್ದ ಮಿಲಿಮೀಟರಿನಲ್ಲಿ ಬರುತ್ತದೆ. ಹೊರಗೆ 250, ಒಳಗೆ 50 ಇದ್ದರೆ ಸುಮಾರು 304 ಮೀಟರ್, ಅಂದರೆ ಸಾವಿರ ಅಡಿ. ಸೆಕೆಂಡಿಗೆ 24 ಚೌಕಟ್ಟಿನಂತೆ ಓಡುವಾಗ ನಿಮಿಷಕ್ಕೆ 27.43 ಮೀಟರ್ ಬೇಕು, ಹಾಗಾಗಿ ಒಂದು ಸಾವಿರ ಅಡಿ 11 ನಿಮಿಷ. ಸಡಿಲ ಸುತ್ತಿದ್ದರೆ ಲೆಕ್ಕ ಹೆಚ್ಚು ತೋರಿಸುತ್ತದೆ, ಅದು ನೆನಪಿರಲಿ.

ಈ ಮೊತ್ತವನ್ನು ಯಾವುದಕ್ಕೆ ಹೋಲಿಸಬೇಕು? ಮೊದಲನೆಯ ರೀಲಿನ ತಲೆಯಲ್ಲಿ ಸೆನ್ಸಾರ್ ಪ್ರಮಾಣಪತ್ರದ ಚಿತ್ರವೇ ಇರುತ್ತದೆ. ಬಿಳಿ ಮೊಬೈಲ್ ಪರದೆಯ ಮುಂದೆ ಹಿಡಿದು ಭೂತಕನ್ನಡಿಯಿಂದ ಓದಿ: ಪ್ರಮಾಣಪತ್ರದ ಸಂಖ್ಯೆ, ದಿನಾಂಕ, ರೀಲುಗಳ ಸಂಖ್ಯೆ, ಒಟ್ಟು ಉದ್ದ. ಅಲ್ಲಿ 3,950 ಮೀಟರ್ ಎಂದಿದ್ದರೆ ಚಿತ್ರ 144 ನಿಮಿಷದ್ದು. ನಿಮ್ಮ 14 ಡಬ್ಬಿಯ ಮೊತ್ತ ಅದರ ಹತ್ತಿರ ಬಂದರೆ ಹಾಡು ನಿಮ್ಮಲ್ಲಿ ಇರುವ ಸಾಧ್ಯತೆ ಬಹಳ. 110 ಮೀಟರಿನಷ್ಟು ಕಡಿಮೆ ಬಂದರೆ ನಾಲ್ಕು ನಿಮಿಷದ ಹಾಡೊಂದು ಎಲ್ಲೋ ಬಿಟ್ಟುಹೋಗಿರಬಹುದು. ಟಿವಿ ಪ್ರತಿಯ ಅವಧಿಯನ್ನೂ ಇದೇ ಉದ್ದಕ್ಕೆ ಹೋಲಿಸಿ, ಮೂರೂ ಸಂಖ್ಯೆ ಒಂದೇ ಹಾಳೆಯಲ್ಲಿ ಬರೆದಿಡಿ.

ಟಿವಿ ಪ್ರತಿಯಲ್ಲಿ ಹಾಡು ಹೇಗೆ ಹೋಯಿತೆಂದು ತಿಳಿಯಲು ಇನ್ನೊಂದು ಉಪಾಯವಿದೆ. ಪ್ರಿಂಟಿನಲ್ಲಿ ಚಿತ್ರಕ್ಕೆ ಸೇರಿದ ಧ್ವನಿ ಅದರ ಪಕ್ಕದಲ್ಲೇ ಇರುವುದಿಲ್ಲ, ಸುಮಾರು 20 ಚೌಕಟ್ಟು ಮುಂದಿರುತ್ತದೆ. ಪ್ರಿಂಟನ್ನೇ ಕತ್ತರಿಸಿ ಜಾಯಿಂಟ್ ಹಾಕಿದ್ದರೆ ಮೊದಲು ಚಿತ್ರ ಜಿಗಿಯುತ್ತದೆ, ಒಂದು ಸೆಕೆಂಡಿಗೆ ಸ್ವಲ್ಪ ಕಡಿಮೆ ಹೊತ್ತಿನ ಬಳಿಕ ಧ್ವನಿ ಜಿಗಿಯುತ್ತದೆ. ಎರಡೂ ಒಂದೇ ಗಳಿಗೆಯಲ್ಲಿ ಜಿಗಿದರೆ ಕತ್ತರಿ ಬಿದ್ದದ್ದು ಕಂಪ್ಯೂಟರಿನಲ್ಲಿ. ಮೊದಲನೆಯದಾಗಿದ್ದರೆ ವಾಹಿನಿಯವರಿಗೆ ಸಿಕ್ಕ ಪ್ರಿಂಟೇ ಊನವಾಗಿತ್ತು, ಆಗ ನಿಮ್ಮದರ ಬೆಲೆ ಇನ್ನೂ ಹೆಚ್ಚು. ಆಟದ ಹೊತ್ತು ಹೊಂದಿಸಲು ಹಾಡು ತೆಗೆದಿಡುವುದು ಟೂರಿಂಗ್ ಟಾಕೀಸುಗಳಲ್ಲಿ ಇದ್ದದ್ದೇ. ತೆಗೆದ ತುಂಡನ್ನು ಎಸೆಯದೆ ಬಿಡಿ ಡಬ್ಬಿಗೆ ಸುತ್ತಿಡುತ್ತಿದ್ದರು. ಆದ್ದರಿಂದ ಆ ಮೂರು 'ಬ್ಯಾರೆ ಬ್ಯಾರೆ' ಡಬ್ಬಿಗಳನ್ನು ತಾತ್ಸಾರ ಮಾಡಬೇಡಿ, ನಿಮ್ಮ ಹಾಡು ಅದರಲ್ಲೇ ಇರಬಹುದು.

ಜಾಯಿಂಟುಗಳನ್ನು ಎಣಿಸಿ, ಆದರೆ ಬಿಚ್ಚಬೇಡಿ. ಒಂದೇ ದೃಶ್ಯದ ನಡುವೆ ಬಿದ್ದ ಜಾಯಿಂಟು ಓಡುವಾಗ ಹರಿದದ್ದು. ಹಾಡು ಶುರುವಾಗುವಲ್ಲಿ ಅಥವಾ ಮುಗಿಯುವಲ್ಲಿ ನೀಟಾಗಿ ಬಿದ್ದದ್ದು ಬೇಕೆಂದೇ ಕತ್ತರಿಸಿದ್ದು. ಪ್ರತಿ ರೀಲಿನ ಕೊನೆಗೆ, ಚೌಕಟ್ಟಿನ ಬಲ ಮೇಲ್ಮೂಲೆಯಲ್ಲಿ, ಸಣ್ಣ ಗುಂಡು ಗುರುತು ಎರಡು ಸಲ ಬರುತ್ತದೆ: ಮೊದಲನೆಯದು ಮುಗಿಯಲು ಸುಮಾರು 8 ಸೆಕೆಂಡು ಇರುವಾಗ, ಎರಡನೆಯದು ಒಂದು ಸೆಕೆಂಡು ಇರುವಾಗ. ಎರಡೂ ಇದ್ದರೆ ರೀಲಿನ ಬಾಲ ಪೂರ್ತಿ ಇದೆ. ಹೆಚ್ಚು ಸವೆಯುವುದು ತಲೆ ಮತ್ತು ಬಾಲ. ಹಳೆಯ ಚಿತ್ರ ಉಳಿಸುವಾಗ ನಾಲ್ಕೈದು ಪ್ರಿಂಟು ಹುಡುಕುವುದು ಇದಕ್ಕೇ. ಒಬ್ಬರ ಪ್ರಿಂಟಿನ ಬಾಲ, ಇನ್ನೊಬ್ಬರ ಪ್ರಿಂಟಿನ ತಲೆ ಸೇರಿಸಿ ಚಿತ್ರ ಇಡಿಯಾಗುತ್ತದೆ. ಗೀರು ಬಿದ್ದ ಪ್ರಿಂಟು ಕೂಡ ಆ ಹತ್ತು ಸೆಕೆಂಡಿಗೆ ಬೇಕಾಗುತ್ತದೆ.

ಸದ್ಯಕ್ಕೆ ಮನೆಯಲ್ಲಿ ಇಡುವುದು ಹೇಗೆ? ತುಕ್ಕು ಹಿಡಿದ ತಗಡಿನ ಡಬ್ಬಿ ಬದಲಿಸಿ. ಗಾಳಿ ಕಿಂಡಿಯಿರುವ ಪಾಲಿಪ್ರೊಪಿಲೀನ್ ಡಬ್ಬಿ ಉತ್ತಮ. ಸಿಗುವವರೆಗೆ ತಗಡಿನದನ್ನೇ ಒಣ ಬಟ್ಟೆಯಿಂದ ಒರೆಸಿ, ಮುಚ್ಚಳ ಬಿಗಿಯಾಗಿ ಒತ್ತದೆ ಇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದರೆ ತೆಗೆಯಿರಿ, ಆಮ್ಲದ ಹಬೆ ಒಳಗೇ ಸಿಕ್ಕಿಕೊಳ್ಳುತ್ತದೆ. ವಾಸನೆ ಬರುವ ಡಬ್ಬಿಗಳನ್ನು ವಾಸನೆ ಇಲ್ಲದವುಗಳಿಂದ ಬೇರೆ ಕೋಣೆಗೆ ಒಯ್ಯಿರಿ, ಇಲ್ಲದಿದ್ದರೆ ಒಳ್ಳೆಯವೂ ಹಾದಿ ಹಿಡಿಯುತ್ತವೆ. ನೆಲಮಹಡಿಯ ನಡುಕೋಣೆ, ಬಿಸಿಲು ಬೀಳದ ಗೋಡೆ, ನೆಲದಿಂದ ಗೇಣುದ್ದ ಮೇಲೆ ಕಬ್ಬಿಣದ ರ‍್ಯಾಕು. ಡಬ್ಬಿ ಮಲಗಿಸಿ ಇಡಬೇಕು, ನಿಲ್ಲಿಸಬಾರದು, ಒಂದರ ಮೇಲೊಂದು ಐದಾರಕ್ಕಿಂತ ಹೆಚ್ಚು ಬೇಡ. ಡಾಂಬರು ಗುಳಿಗೆ, ಬೇವಿನ ಎಲೆ ಹಾಕಬೇಡಿ. ಮನೆಯ ಫ್ರಿಜ್ಜಿನಲ್ಲಿ ಹಾಗೆಯೇ ಇಡಬೇಡಿ, ಹೊರತೆಗೆದಾಗ ನೀರು ಬೆವರುತ್ತದೆ. ಏಸಿ ಇದ್ದರೆ ಒಳ್ಳೆಯದು, ಆದರೆ ಹಗಲು ಹಾಕಿ ರಾತ್ರಿ ಆರಿಸುವುದಕ್ಕಿಂತ ಹಾಕದಿರುವುದೇ ಮೇಲು. ಏರಿಳಿತ ಫಿಲ್ಮನ್ನು ಹಿಗ್ಗಿಸಿ ಕುಗ್ಗಿಸಿ ದಣಿಸುತ್ತದೆ.

ತೊಳೆಯುವ ಉಮೇದು ಬೇಡ. ನೀರು ತಾಗಿದರೆ ಜಿಲೆಟಿನ್ ಉಬ್ಬಿ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. ಹಿಂದೆ ಆಪರೇಟರುಗಳು ಬಳಸುತ್ತಿದ್ದ ಕಾರ್ಬನ್ ಟೆಟ್ರಾಕ್ಲೋರೈಡ್ ಯಕೃತ್ತಿಗೆ ವಿಷ, ಹಳೆಯ ಸೀಸೆ ಮನೆಯಲ್ಲಿದ್ದರೆ ಮುಟ್ಟಬೇಡಿ. ಒಣ ಬೂಷ್ಟನ್ನು ಮಾಸ್ಕ್ ಹಾಕಿಕೊಂಡು, ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಅಂಚಿನಲ್ಲಿ ಮಾತ್ರ ತೆಗೆಯಬಹುದು. ಅಂಟಿಕೊಂಡ ಸುತ್ತನ್ನು ಎಳೆಯಬೇಡಿ. ಡಬ್ಬಿಯೊಳಗಿನ ಚೀಟಿ, ಹಂಚಿಕೆದಾರರ ರಸೀದಿ, ಲ್ಯಾಬಿನ ಕಾಗದ ಇವನ್ನು ಮೊದಲು ಫೋಟೊ ತೆಗೆದು, ಡಬ್ಬಿ ಸಂಖ್ಯೆ ಬರೆದು ಬೇರೆ ಲಕೋಟೆಯಲ್ಲಿಡಿ. ಈ ಪ್ರಿಂಟು ಯಾವ ಊರಲ್ಲಿ ಎಷ್ಟು ದಿನ ಓಡಿತು ಎಂಬುದಕ್ಕೆ ಬೇರೆ ದಾಖಲೆ ಇಲ್ಲ.

ಮುಂದಿನ ಕೆಲಸ ಮನೆಯಲ್ಲಿ ಆಗುವುದಲ್ಲ. ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ 1964ರಿಂದ ಪುಣೆಯಲ್ಲಿದೆ. ಈಗ ಅದು ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ ಭಾಗ. ವಿಜಯಪುರ, ಸೊಲ್ಲಾಪುರದ ಮೇಲೆ ಹೋದರೆ ನಿಮಗೆ ಒಂದು ದಿನದ ದಾರಿ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ನಿಗೂ ಬರೆಯಬಹುದು, 'ಶೋಲೆ', 'ಘಟಶ್ರಾದ್ಧ' ಎರಡರಲ್ಲೂ ಅದರ ಕೈಯಿದೆ. ಡಬ್ಬಿ ಕಳಿಸುವ ಮೊದಲು ಪತ್ರ ಕಳಿಸಿ, ಮೇಲೆ ಹೇಳಿದ ಅಳತೆಗಳ ಹಾಳೆ, ಅಂಚಿನ ಅಕ್ಷರಗಳ ಫೋಟೊ ಲಗತ್ತಿಸಿ. ದಾನವೋ, ನಿಮ್ಮ ಹೆಸರಿನಲ್ಲಿ ಠೇವಣಿಯೋ ಎಂಬುದನ್ನು ಬರವಣಿಗೆಯಲ್ಲೇ ಇತ್ಯರ್ಥ ಮಾಡಿಕೊಳ್ಳಿ.

ಯಾರಾದರೂ ಸ್ಕ್ಯಾನ್ ಮಾಡಿಕೊಡುತ್ತೇವೆ ಎಂದರೆ ಇಷ್ಟನ್ನು ಕೇಳಿ. ಹಲ್ಲುಚಕ್ರವಿಲ್ಲದ ಸ್ಕ್ಯಾನರು ಇದೆಯೆ? ಕುಗ್ಗಿದ ಫಿಲ್ಮಿಗೆ ಬೇರೆ ದಾರಿಯಿಲ್ಲ. ಚೌಕಟ್ಟಿನ ಹೊರಗಿನ ಅಂಚು, ತೂತುಗಳೂ ಸ್ಕ್ಯಾನಿನಲ್ಲಿ ಬರುತ್ತವೆಯೆ? ಗೀರನ್ನೂ ಫಿಲ್ಮಿನದೇ ಆದ ಮರಳಿನಂಥ ಕಣವನ್ನೂ ಅಳಿಸುವ ಮೊದಲಿನ ಕಚ್ಚಾ ಕಡತ ನಮಗೆ ಸಿಗುತ್ತದೆಯೆ? ಆ ಕೊನೆಯ ಪ್ರಶ್ನೆ ಬಹಳ ಮುಖ್ಯ. ಕಂಪ್ಯೂಟರು ಧೂಳೆಂದು ತಿಳಿದು ಮಳೆಹನಿಯನ್ನೂ ಮೂಗುತಿಯ ಹೊಳಪನ್ನೂ ಅಳಿಸುತ್ತದೆ. ಕಣ ತೆಗೆಯಲು ಹೋಗಿ ಮುಖ ಮೇಣದ ಬೊಂಬೆಯಾಗುತ್ತದೆ. ಕಚ್ಚಾ ಕಡತ ಇದ್ದರೆ ಮತ್ತೆ ಮೊದಲಿಂದ ಮಾಡಬಹುದು. ಅದು ಸಣ್ಣದಲ್ಲ: 4ಕೆ ಸ್ಕ್ಯಾನಿನ ಒಂದು ಚೌಕಟ್ಟಿಗೆ ಸುಮಾರು 50 ಮೆಗಾಬೈಟ್, 144 ನಿಮಿಷಕ್ಕೆ 2,07,360 ಚೌಕಟ್ಟು, ಒಟ್ಟು 10 ಟೆರಾಬೈಟ್ ದಾಟುತ್ತದೆ. 2ಕೆ ಆದರೆ ಅದರ ನಾಲ್ಕನೆಯ ಒಂದು ಭಾಗ. ಓಡಿ ಸವೆದ ಪ್ರದರ್ಶನ ಪ್ರಿಂಟಿಗೆ ಬಹುಮಟ್ಟಿಗೆ ಅದೇ ಸಾಕು. ಆ ಕಡತದ ಮೂರು ಪ್ರತಿ ಇರಲಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ. ಸ್ಕ್ಯಾನ್ ಆದ ಮೇಲೂ ರೀಲು ಎಸೆಯುವಂತಿಲ್ಲ.

ಕಾನೂನಿನ ಮಾತು ಚುಟುಕಾಗಿ. ಪ್ರಿಂಟು ನಿಮ್ಮ ಮನೆಯಲ್ಲಿದೆ ಎಂದ ಮಾತ್ರಕ್ಕೆ ಚಿತ್ರದ ಹಕ್ಕು ನಿಮ್ಮದಲ್ಲ. ಸಿನಿಮಾದ ಕೃತಿಸ್ವಾಮ್ಯ ಬಿಡುಗಡೆಯಾದ ವರ್ಷ ಮುಗಿದ ಮೇಲೆ 60 ವರ್ಷ ಇರುತ್ತದೆ. 1965ರ ಚಿತ್ರಕ್ಕೆ ಅದು 2025ರ ಕೊನೆಗೆ ಮುಗಿದಿದೆ, 1969ರದಕ್ಕೆ 2029ರ ಕೊನೆವರೆಗೆ ಇದೆ. ಹಾಡಿನ ಸಾಹಿತ್ಯದ ಹಕ್ಕು ಬೇರೆ, ಅದು ಕವಿಯ ಮರಣಾನಂತರ 60 ವರ್ಷ. ಹಾಗಾಗಿ ಸಿಕ್ಕ ಹಾಡನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಬೇಡಿ. ಅದರಿಂದ ಹಕ್ಕುದಾರರು ದೂರವಾಗುತ್ತಾರೆ, ನಾಳೆ ಪುನರುಜ್ಜೀವನಕ್ಕೆ ಅವರ ಸಹಿಯೇ ಬೇಕು.

ನಿಮ್ಮ ಮಗನಿಗೆ ಒಂದು ಮಾತು ಹೇಳಿ. ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ತಯಾರಾದದ್ದು ಬೆಳಗಾವಿಯಿಂದ ಎರಡು-ಮೂರು ತಾಸಿನ ದಾರಿಯ ಕೊಲ್ಲಾಪುರದಲ್ಲಿ, ಛತ್ರಪತಿ ಸಿನೆಟೋನಿನಲ್ಲಿ. ಅದರ ಒಂದು ಪ್ರಿಂಟೂ ಇಂದು ಇಲ್ಲ. ಬಣ್ಣ ಹಾಕಲು, ತಿದ್ದಲು, ಚರ್ಚಿಸಲು ಏನೂ ಉಳಿದಿಲ್ಲ. ಆಗಿನ ಪ್ರಿಂಟುಗಳು ಓಟ ಮುಗಿದ ಮೇಲೆ ಫಿಲ್ಮಿನೊಳಗಿನ ಬೆಳ್ಳಿಗಾಗಿ ಗುಜರಿಗೆ ಹೋಗುತ್ತಿದ್ದವು. ನಿಮ್ಮ ಬೀಳಗಿಯಲ್ಲೇ ಹುಟ್ಟಿದ ಅಮೀರ್‌ಬಾಯಿ ಕರ್ನಾಟಕಿಯವರ ದನಿಯನ್ನು ಇಂದು ಕೇಳುತ್ತೇವೆ ಅಂದರೆ ಯಾರೋ ಗ್ರಾಮಫೋನ್ ತಟ್ಟೆಗಳನ್ನು ಎಸೆಯದೆ ಇಟ್ಟುಕೊಂಡಿದ್ದರು.

ಇದೇ ವಾರ ಆಗಬೇಕಾದದ್ದು ಮೂರು: ವಾಸನೆಯ ಡಬ್ಬಿ ಬೇರೆ ಮಾಡುವುದು, ಒಂದನೆಯ ರೀಲಿನ ಪ್ರಮಾಣಪತ್ರ ಓದುವುದು, ಮೂರು ಬಿಡಿ ಡಬ್ಬಿಯ ತಲೆಯ ಎರಡು ಮೊಳ ಫಿಲ್ಮು ಬಿಚ್ಚಿ ಬೆಳಕಿಗೆ ಹಿಡಿದು ನೋಡುವುದು. ಪಟ್ಟಿಯನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ, ಹತ್ತಿಯ ಕೈಗವಸು ಹಾಕಿಕೊಳ್ಳಿ. ಮಂಕಾದ ಬದಿ ಚಿತ್ರವಿರುವ ಬದಿ, ಅದಕ್ಕೆ ಬೆರಳು ತಾಗಬಾರದು. ಚಿತ್ರದ ಪಕ್ಕದಲ್ಲಿ ಬೆಟ್ಟಸಾಲಿನಂತೆ ಏರಿಳಿಯುವ ಗೆರೆ ಕಂಡರೆ ಅದು ಧ್ವನಿಪಟ್ಟಿ. ಅದು ಎಡೆಬಿಡದೆ ದಟ್ಟವಾಗಿ ಓಡಿದ್ದರೆ, ನಡುನಡುವೆ ಮಾತಿನ ವಿರಾಮದ ಖಾಲಿ ಇಲ್ಲದಿದ್ದರೆ, ಅಲ್ಲಿ ಇರುವುದು ಹಾಡಾಗಿರಬಹುದು.